ಅರ್ಧಶಕ್ತಿಯ ವ್ಯಾಯಾಮ, ಆಮೇಲಿನ ಮರ್ದನ

ನಮ್ಮ ಮನೆಗಳಲ್ಲಿ ಎಣ್ಣೆ ಹಚ್ಚಿ ಮೈ ನೀವಿಸಿಕೊಳ್ಳುವ ಹಕ್ಕು ಕೆಲವರಿಗಷ್ಟೇ ಇತ್ತು: ಹಸುಗೂಸಿಗೆ, ಬಾಣಂತಿಗೆ, ಕಾಲು ಉಳುಕಿಸಿಕೊಂಡು ಬಂದವರಿಗೆ. ವರ್ಷಕ್ಕೊಮ್ಮೆ ನರಕ ಚತುರ್ದಶಿಯ ಬೆಳಗಿನ ಜಾವ ಉಳಿದವರಿಗೂ ಆ ಭಾಗ್ಯ ಸಿಗುತ್ತಿತ್ತು. ಆರೋಗ್ಯವಾಗಿ ಓಡಾಡಿಕೊಂಡಿರುವ ದೊಡ್ಡವರು, ಅದರಲ್ಲೂ ಹೆಂಗಸರು, ಮೈ ದಣಿದಿದೆಯೆಂಬ ಒಂದೇ ಕಾರಣಕ್ಕೆ ಮತ್ತೊಬ್ಬರ ಕೈಯಲ್ಲಿ ಮಾಲೀಸು ಮಾಡಿಸಿಕೊಂಡರೆ ಅದು ಸೋಮಾರಿತನವೆಂದೋ ಶೋಕಿಯೆಂದೋ ಲೆಕ್ಕಕ್ಕೆ ಬರುತ್ತಿತ್ತು. ಈ ಕಟ್ಟಳೆ ಅನ್ವಯಿಸದಿದ್ದದ್ದು ಪೈಲ್ವಾನರಿಗೆ ಮಾತ್ರ. ಬೆಂಗಳೂರಿನ ಪೇಟೆಯಾಗಲಿ ಮೈಸೂರಾಗಲಿ, ಗರಡಿಮನೆಯಲ್ಲಿ ಸಾಮು ಮುಗಿಸಿದವರು ಒಬ್ಬರ ಬೆನ್ನು ತೊಡೆಗಳನ್ನು ಇನ್ನೊಬ್ಬರು ತಿಕ್ಕುವುದು ಅಭ್ಯಾಸದ ಒಂದು ಅಂಗವೇ ಆಗಿತ್ತು. ಕಿರಿಯರು ಉಸ್ತಾದರ ಮೈ ತಿಕ್ಕುವುದು ಗುರುಸೇವೆಯೂ ಹೌದು, ತಿಕ್ಕುವವರ ತೋಳಿಗೆ ಕಸರತ್ತೂ ಹೌದು.

ಈಗ ಆ ಕಟ್ಟಳೆ ಪೂರ್ತಿ ಸಡಿಲವಾಗಿದೆ. ಜಯನಗರ, ಕೋರಮಂಗಲ, ಇಂದಿರಾನಗರಗಳ ಯಾವ ಮುಖ್ಯರಸ್ತೆಯಲ್ಲಿ ನಡೆದರೂ ಜಿಮ್ಮಿನ ಫಲಕ ಕಂಡ ಸ್ವಲ್ಪ ದೂರದಲ್ಲೇ ಕೇರಳ ಆಯುರ್ವೇದದ ಫಲಕವೊಂದು, ಫಿಸಿಯೊಥೆರಪಿ ಕ್ಲಿನಿಕ್ಕೊಂದು, ‘ಸ್ಪೋರ್ಟ್ಸ್ ಮಸಾಜ್’ ಎಂದು ಬರೆದ ಗಾಜಿನ ಬಾಗಿಲೊಂದು ಕಾಣಿಸುತ್ತದೆ. ಒಂದು ಕಡೆ ಮೈ ದಣಿಸಿಕೊಳ್ಳಲು ಹಣ ಕೊಟ್ಟು, ಇನ್ನೊಂದು ಕಡೆ ದಣಿವು ಇಳಿಸಿಕೊಳ್ಳಲು ಹಣ ಕೊಡುವುದು ಹೊರಗಿನವರಿಗೆ ತಮಾಷೆಯಾಗಿ ಕಾಣಬಹುದು. ನಾನು ಈ ಎರಡೂ ಕಡೆಯ ಗಿರಾಕಿ. ಮುಟ್ಟು ನಿಲ್ಲುವ ವಯಸ್ಸು ಹತ್ತಿರವಾದಾಗ, ಮೂಳೆಯ ಗಟ್ಟಿತನ ಉಳಿಯಬೇಕಾದರೆ ನಡಿಗೆಯೊಂದೇ ಸಾಲದು, ಭಾರವನ್ನೂ ಎತ್ತಬೇಕು ಎಂದು ವೈದ್ಯರು ಹೇಳಿದ್ದರಿಂದ ಬನಶಂಕರಿಯ ಜಿಮ್ಮೊಂದಕ್ಕೆ ಸೇರಿದವಳು. ಹಗಲೆಲ್ಲ ಬ್ಯಾಂಕಿನಲ್ಲಿ ಕುಳಿತೇ ಕೆಲಸ ಮಾಡುವವಳಾದ್ದರಿಂದ, ಭಾರ ಎತ್ತುವ ಮುಂಚೆ ಮತ್ತು ಎತ್ತಿದ ನಂತರ ಮೈ ನೀವಿಸಿಕೊಳ್ಳುವುದರಿಂದ ನಿಜಕ್ಕೂ ಏನಾಗುತ್ತದೆ ಎಂದು ತಿಳಿದುಕೊಳ್ಳುವ ಅಗತ್ಯ ನನಗೆ ಬೇಗನೆ ಬಂತು.

ಮೊದಲು ನೋವಿನ ವಿಷಯ. ತೂಕ ಎತ್ತಿದ ದಿನ ಅಷ್ಟಾಗಿ ಏನೂ ಅನ್ನಿಸುವುದಿಲ್ಲ. ಮರುದಿನ ಶುರುವಾಗುವ ನೋವು ಸಾಮಾನ್ಯವಾಗಿ 24ರಿಂದ 72 ಗಂಟೆಗಳ ನಡುವೆ ತುದಿ ಮುಟ್ಟಿ, ಆಮೇಲೆ ತಾನಾಗಿ ಇಳಿಯುತ್ತದೆ. ಥಿಯೊಡೋರ್ ಹಫ್ ಎಂಬ ಅಮೆರಿಕದ ಶರೀರಶಾಸ್ತ್ರಜ್ಞ 1902ರಷ್ಟು ಹಿಂದೆಯೇ ಈ ತಡವಾದ ನೋವನ್ನು ಬೇರೆಯಾಗಿ ಗುರುತಿಸಿ, ಸ್ನಾಯುವಿನೊಳಗೆ ಎಲ್ಲೋ ಹರಿದಿರಬೇಕು ಎಂದು ಊಹಿಸಿದ್ದ. ಸ್ನಾಯು ಕುಗ್ಗುತ್ತಾ ಭಾರ ಎತ್ತುವಾಗ ಆಗುವುದಕ್ಕಿಂತ ಹೆಚ್ಚಿನ ಹಾನಿ, ಅದು ಹಿಗ್ಗುತ್ತಲೇ ಭಾರವನ್ನು ತಡೆಹಿಡಿಯಬೇಕಾದಾಗ ಆಗುತ್ತದೆ. ಸ್ಕ್ವಾಟ್‌ನಲ್ಲಿ (ಭಾರ ಹೊತ್ತು ಹೊಡೆಯುವ ಬಸ್ಕಿಯಲ್ಲಿ) ಎದ್ದು ನಿಲ್ಲುವುದಕ್ಕಿಂತ ನಿಧಾನವಾಗಿ ಕೆಳಗಿಳಿಯುವುದು ತೊಡೆಯನ್ನು ಹೆಚ್ಚು ನೋಯಿಸುವುದು ಇದೇ ಕಾರಣಕ್ಕೆ. ಶಿವಗಂಗೆಯ ಬೆಟ್ಟ ಹತ್ತುವಾಗ ಏದುಸಿರು ಬರುತ್ತದೆ ನಿಜ, ಆದರೆ ಮರುದಿನ ತೊಡೆ ಹಿಡಿದುಕೊಳ್ಳುವುದು ಬಹುಪಾಲು ಇಳಿದದ್ದರ ಫಲ.

ಜಿಮ್ಮುಗಳಲ್ಲಿ ಇಂದಿಗೂ ಕೇಳಿಬರುವ ವಿವರಣೆ ಬೇರೆ. ಸ್ನಾಯು ದುಡಿದಾಗ ಹುಟ್ಟುವ ಲ್ಯಾಕ್ಟಿಕ್ ಆಸಿಡ್ ಕಾಲಿನಲ್ಲಿ ಕಟ್ಟಿಕೊಂಡಿದೆ, ಮಸಾಜ್ ಮಾಡಿಸಿದರೆ ಅದು ಹರಿದು ಹೋಗುತ್ತದೆ ಎಂದು ಟ್ರೈನರುಗಳೂ ಹೇಳುತ್ತಾರೆ, ಮಸಾಜ್ ಮಾಡುವವರೂ ಹೇಳುತ್ತಾರೆ. ಈ ಮಾತಿನ ಎರಡು ಅರ್ಧಗಳೂ ತಪ್ಪು. ವ್ಯಾಯಾಮದಿಂದ ಏರಿದ ಲ್ಯಾಕ್ಟೇಟ್ (ಲ್ಯಾಕ್ಟಿಕ್ ಆಸಿಡ್ ಮೈಯಲ್ಲಿರುವ ರೂಪ) ಸುಮ್ಮನೆ ಕುಳಿತಿದ್ದರೂ ಹೆಚ್ಚುಕಡಿಮೆ ಒಂದು ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ. ನೋವು ಶುರುವಾಗುವ ಹೊತ್ತಿಗೆ ಅದು ಅಲ್ಲಿ ಇರುವುದೇ ಇಲ್ಲ. ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದವರು 2010ರಲ್ಲಿ ಪ್ರಕಟಿಸಿದ ಅಧ್ಯಯನವಂತೂ ತಿರುಗುಬಾಣದಂತಿತ್ತು: ಕೈಯ ಸ್ನಾಯುಗಳನ್ನು ಚೆನ್ನಾಗಿ ದಣಿಸಿದ ಕೂಡಲೇ ಮಸಾಜ್ ಮಾಡಿದಾಗ, ಒತ್ತಡದಿಂದಾಗಿ ರಕ್ತದ ಹರಿವಿಗೇ ಅಡ್ಡಿಯಾಗಿ, ಲ್ಯಾಕ್ಟಿಕ್ ಆಸಿಡ್ ಹೊರಹೋಗುವುದು ಇನ್ನಷ್ಟು ನಿಧಾನವಾಯಿತು.

ಹಾಗಾದರೆ ಮಸಾಜಿನ ಸುಖ ಬರೀ ಭ್ರಮೆಯೇ? ಅದೂ ಅಲ್ಲ. 2012ರಲ್ಲಿ ಕೆನಡಾದ್ದೇ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 11 ಜನ ಯುವಕರಿಂದ ಸುಸ್ತಾಗಿ ಬೀಳುವವರೆಗೆ ಸೈಕಲ್ ತುಳಿಸಿ, ಒಂದು ಕಾಲಿಗೆ ಮಾತ್ರ ಹತ್ತು ನಿಮಿಷ ಮಸಾಜ್ ಮಾಡಿ, ಎರಡೂ ತೊಡೆಗಳಿಂದ ಸ್ನಾಯುವಿನ ಚೂರು ತೆಗೆದು ಹೋಲಿಸಿದರು. ಮಸಾಜ್ ಆದ ಕಾಲಿನಲ್ಲಿ ಉರಿಯೂತದ ಸಂಕೇತಗಳು ಕಡಿಮೆಯಾಗಿದ್ದವು, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಬೆಳೆಯಲು ಬೇಕಾದ ಸಂಕೇತಗಳು ಹೆಚ್ಚಾಗಿದ್ದವು, ಲ್ಯಾಕ್ಟೇಟಿನಲ್ಲಿ ಮಾತ್ರ ಯಾವ ವ್ಯತ್ಯಾಸವೂ ಇರಲಿಲ್ಲ. ಹನ್ನೊಂದು ಜನರೆಂದರೆ ಸಣ್ಣ ಗುಂಪು, ಅವರೆಲ್ಲ ಎಳೆಯ ಗಂಡಸರು. ನನ್ನ ವಯಸ್ಸಿನ ಹೆಂಗಸರಿಗೆ ಅದನ್ನು ಹಾಗೆಯೇ ಅನ್ವಯಿಸಲು ನನಗೆ ಧೈರ್ಯವಿಲ್ಲ. ಆದರೆ 2018ರಲ್ಲಿ 99 ಅಧ್ಯಯನಗಳನ್ನು ಒಟ್ಟಿಗೆ ತೂಗಿದ ವಿಶ್ಲೇಷಣೆಯೊಂದು, ವ್ಯಾಯಾಮದ ನಂತರದ ನೋವು ಮತ್ತು ಆಯಾಸದ ಅನುಭವ ತಗ್ಗಿಸುವ ವಿಧಾನಗಳಲ್ಲಿ ಮಸಾಜಿಗೇ ಮೊದಲ ಸ್ಥಾನ ಕೊಟ್ಟಿತು. ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು 2020ರಲ್ಲಿ ಇನ್ನೊಂದು ಬದಿಯಿಂದ ನೋಡಿದರು: ಮಸಾಜಿನಿಂದ ಬಲ, ಜಿಗಿತ, ಓಟದ ವೇಗ, ತಾಳಿಕೆ ಯಾವುದೂ ಹೆಚ್ಚುವುದಿಲ್ಲ; ಮೈ ಬಾಗುವ ಗುಣ ಸ್ವಲ್ಪ ಸುಧಾರಿಸುತ್ತದೆ, ನೋವು ಸ್ವಲ್ಪ ತಗ್ಗುತ್ತದೆ.

ಈ ಎರಡನ್ನೂ ಜೊತೆಗಿಟ್ಟು ಓದಿದರೆ ನನ್ನ ತಕರಾರು ಎಲ್ಲಿದೆ ಎಂಬುದು ತಿಳಿಯುತ್ತದೆ. “ಮೇಡಂ, ಇವತ್ತು ಒಂದು ಮಸಾಜ್ ಮಾಡಿಸ್ಕೊಳ್ಳಿ, ನಾಳೆ ಇನ್ನೂ ಎರಡು ಸೆಟ್ ಜಾಸ್ತಿ ಹೊಡೀಬಹುದು” ಎನ್ನುವುದು ನಮ್ಮ ಟ್ರೈನರ್‌ ಹುಡುಗನ ಮೆಚ್ಚಿನ ಮಾತು. ನೋವಿನ ಅನುಭವ ತಗ್ಗಿದ ಮಾತ್ರಕ್ಕೆ ಸ್ನಾಯುವಿಗೆ ಕಳೆದುಹೋದ ಬಲ ಮರಳಿ ಬಂದಿರಬೇಕೆಂದಿಲ್ಲ. ನರಮಂಡಲ ಶಾಂತವಾಗಿ ನೋವನ್ನು ಕಡಿಮೆ ಲೆಕ್ಕಿಸತೊಡಗಿದಾಗ, ಇನ್ನೂ ರಿಪೇರಿಯಲ್ಲಿರುವ ತೊಡೆಯ ಮೇಲೆ ಮತ್ತೆ ಭಾರ ಹೇರುವುದು ಸುಲಭವಾಗುತ್ತದೆ. ಮಿತಿ ಮೀರಿ ಮಾಡಿದ ವ್ಯಾಯಾಮಕ್ಕೆ ಮಸಾಜನ್ನು ಪ್ರಾಯಶ್ಚಿತ್ತವಾಗಿ ಕೊಳ್ಳುವ, ಪ್ರಾಯಶ್ಚಿತ್ತವಾಯಿತೆಂದು ಮತ್ತೆ ಮಿತಿ ಮೀರುವ ಈ ಚಕ್ರವನ್ನು ನಾನು ಜಿಮ್ಮಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಶನಿವಾರ ಕಾಲುಗಳನ್ನು ಸುಸ್ತುಗೆಡಿಸಿ, ಭಾನುವಾರ ಡೀಪ್ ಟಿಷ್ಯೂ (ಆಳದ ಸ್ನಾಯುವಿಗೆ ಒತ್ತುವ ಮಸಾಜ್) ಹೆಸರಿನಲ್ಲಿ ಅದೇ ಕಾಲುಗಳನ್ನು ಮೊಣಕೈಯಿಂದ ಅರೆಸಿಕೊಂಡು, ಸೋಮವಾರ ನೀಲಿಗಟ್ಟಿದ ಮಚ್ಚೆಗಳನ್ನು ಹೆಮ್ಮೆಯಿಂದ ತೋರಿಸುವವರೂ ಇದ್ದಾರೆ.

ಆಯುರ್ವೇದದ ಹಳೆಯ ಗ್ರಂಥವಾದ ವಾಗ್ಭಟನ ಅಷ್ಟಾಂಗಹೃದಯದ ದಿನಚರಿಯ ಅಧ್ಯಾಯ ಈ ವಿಷಯದಲ್ಲಿ ಎಷ್ಟು ಸ್ಪಷ್ಟವಾಗಿದೆಯೆಂದರೆ ಅದನ್ನು ಜಿಮ್ಮಿನ ಗೋಡೆಗೆ ಅಂಟಿಸಬಹುದು. ಅಲ್ಲಿ ದಿನನಿತ್ಯದ ಅಭ್ಯಂಗ ಮೊದಲು ಬರುತ್ತದೆ, ಅದರ ಬೆನ್ನಿಗೆ ವ್ಯಾಯಾಮ. ವ್ಯಾಯಾಮ ಮುಗಿದ ಮೇಲೆ ಸುಖವೆನಿಸುವ ಹಾಗೆ ಮೈಯನ್ನೆಲ್ಲ ಮರ್ದಿಸಬೇಕು ಎನ್ನುತ್ತಾನೆ. ಆಮೇಲೆ ಪುಡಿ ಉಜ್ಜುವುದು, ಕೊನೆಗೆ ಸ್ನಾನ. ಸುಖವೆನಿಸುವ ಹಾಗೆ ಎಂಬ ಷರತ್ತನ್ನು ಇಂದಿನ ಅನೇಕ ಮಸಾಜ್ ಕೇಂದ್ರಗಳು ಕೈಬಿಟ್ಟಿವೆ. ಅದಕ್ಕಿಂತ ಮುಖ್ಯವಾದದ್ದು ವ್ಯಾಯಾಮಕ್ಕೆ ಅವನು ಹಾಕುವ ಮಿತಿ: ಬಲಶಾಲಿಗಳು, ಜಿಡ್ಡಿನ ಆಹಾರ ಉಣ್ಣುವವರು ಕೂಡ ಚಳಿಗಾಲದಲ್ಲಿ ಮತ್ತು ವಸಂತದಲ್ಲಿ ಅರ್ಧಶಕ್ತಿಯಷ್ಟೇ ವ್ಯಾಯಾಮ ಮಾಡಬೇಕು, ಉಳಿದ ಕಾಲದಲ್ಲಿ ಅದಕ್ಕಿಂತಲೂ ಕಡಿಮೆ. ಅರ್ಧಶಕ್ತಿ ಮುಗಿದದ್ದು ತಿಳಿಯುವುದು ಹೇಗೆ ಎಂಬುದಕ್ಕೆ ಸುಶ್ರುತಸಂಹಿತೆಯಲ್ಲಿ ಉತ್ತರವಿದೆ. ಎದೆಯ ಉಸಿರು ಬಾಯಿಗೆ ಬಂತೆಂದರೆ ಸಾಕು, ಅಲ್ಲಿಗೆ ಅರ್ಧ. ಮಿತಿ ಮೀರಿದವರ ಗತಿಯನ್ನು ವಾಗ್ಭಟ ಆನೆಯನ್ನು ಎಳೆಯಹೋಗಿ ತಾನೇ ಸಾಯುವ ಸಿಂಹಕ್ಕೆ ಹೋಲಿಸುತ್ತಾನೆ. ಡೆಡ್‌ಲಿಫ್ಟ್ (ನೆಲದ ಮೇಲಿನ ಭಾರವನ್ನು ಬಾಗಿ ಎತ್ತಿ ನಿಲ್ಲುವ ವ್ಯಾಯಾಮ) ಮಾಡುವವರನ್ನು ನೋಡಿಯೇ ಬರೆದನೇನೋ ಅನ್ನಿಸುತ್ತದೆ.

ಹಳೆಯ ಗ್ರಂಥದಲ್ಲಿದೆ ಎಂಬ ಕಾರಣಕ್ಕೆ ಎಲ್ಲವನ್ನೂ ಹಾಗೆಯೇ ಒಪ್ಪಬೇಕಿಲ್ಲ. ವ್ಯಾಯಾಮಕ್ಕೆ ಮುಂಚಿನ ಎಣ್ಣೆ ಜಿಮ್ಮಿನಲ್ಲಿ ನಡೆಯುವ ಮಾತಲ್ಲ. ಗರಡಿಯಲ್ಲಾದರೆ ಮಟ್ಟಿಯ ಮಣ್ಣು ಕೈಯ ಜಿಡ್ಡನ್ನು ಹೀರುತ್ತದೆ; ಕಬ್ಬಿಣದ ಬಾರ್ ಹಿಡಿಯುವ ಅಂಗೈಗೆ ಎಣ್ಣೆಯ ಪಸೆ ಇದ್ದರೆ ಅಪಾಯ ನಮಗಷ್ಟೇ ಅಲ್ಲ, ಪಕ್ಕದಲ್ಲಿ ನಿಂತವರ ಪಾದಕ್ಕೂ. ಹಾಗಾಗಿ ಮುಂಚಿನದು ಒಣಗೈಯಿಂದ, ಬಟ್ಟೆಯ ಮೇಲಿಂದಲೇ ಆಗಬೇಕು. ಅದು ಚುರುಕಾಗಿಯೂ ಚುಟುಕಾಗಿಯೂ ಇರಬೇಕು: ತೊಡೆ, ಮೀನಖಂಡ, ಭುಜಗಳನ್ನು ಒಂದೊಂದು ನಿಮಿಷ ಬೇಗಬೇಗನೆ ಉಜ್ಜಿ, ತಟ್ಟಿ, ಎದ್ದುಬಿಡಬೇಕು. ಕಣ್ಣು ಮುಚ್ಚಿ ಮಲಗಿ ಅರ್ಧ ಗಂಟೆ ನಿಧಾನವಾಗಿ ನೀವಿಸಿಕೊಂಡರೆ ಮೈ ನಿದ್ದೆಗೆ ಸಿದ್ಧವಾಗುತ್ತದೆಯೇ ಹೊರತು ಭಾರ ಎತ್ತಲು ಅಲ್ಲ. ಇನ್ನೊಂದು ಮಾತು: ಉಜ್ಜುವುದರಿಂದ ಚರ್ಮ ಮತ್ತು ಅದರ ಕೆಳಗಿನ ಮೇಲ್ಪದರವಷ್ಟೇ ಬಿಸಿಯಾಗುತ್ತದೆ, ಆಳದ ಸ್ನಾಯು ಬಿಸಿಯಾಗಬೇಕಾದರೆ ಅದು ತಾನೇ ದುಡಿಯಬೇಕು. ಡಿಸೆಂಬರಿನ ಬೆಂಗಳೂರಿನಲ್ಲಿ ಬೆಳಿಗ್ಗೆ ಆರಕ್ಕೆ ಜಿಮ್ಮಿಗೆ ಹೋಗುವವರಿಗೆ ಐದು ಹತ್ತು ನಿಮಿಷ ಸೈಕಲ್ ತುಳಿಯುವುದು, ಬರಿಮೈಯಲ್ಲಿ ಕೆಲವು ಬಸ್ಕಿ ಹೊಡೆಯುವುದು ಯಾವ ಮಸಾಜಿಗಿಂತಲೂ ಮುಖ್ಯ.

ಇಷ್ಟೆಲ್ಲ ತಿಳಿದ ಮೇಲೂ ನಾನು ಮಸಾಜಿಗೆ ಹೋಗುವುದನ್ನು ಬಿಟ್ಟಿಲ್ಲ. ಅದಕ್ಕೆ ಕಾರಣ ಒಂದು ಜೊತೆ ಕೈಗಳು. ನಮ್ಮ ಮನೆಯ ಹತ್ತಿರದ ಫಿಸಿಯೊಥೆರಪಿ ಕ್ಲಿನಿಕ್ಕಿನಲ್ಲಿ ಹೆಂಗಸರಿಗೆ ಮಸಾಜ್ ಮಾಡುವ ಒಬ್ಬಾಕೆ ಇದ್ದಾರೆ. ಅವರ ತಾಯಿ ಕನಕಪುರದ ಕಡೆ ಬಾಣಂತಿಯರಿಗೆ ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದವರು. ಮಗಳು ಅದೇ ಕೈಗುಣಕ್ಕೆ ತರಬೇತಿಯ ಪ್ರಮಾಣಪತ್ರವೊಂದನ್ನು ಸೇರಿಸಿಕೊಂಡು ನಗರಕ್ಕೆ ಬಂದಿದ್ದಾರೆ. ಅವರು ಕೂಡಲೇ ಒತ್ತಲು ಶುರು ಮಾಡುವುದಿಲ್ಲ. ಮೊದಲು ಎರಡೂ ಅಂಗೈಗಳನ್ನು ಎರಡು ಕಾಲುಗಳ ಮೇಲೂ ಒಟ್ಟಿಗೆ ಇಟ್ಟು, ಹಿಮ್ಮಡಿಯಿಂದ ಮಂಡಿಯ ಹಿಂಭಾಗದವರೆಗೆ ತೂಕ ಹಾಕದೆ ಸರಿಸಿಕೊಂಡು ಹೋಗುತ್ತಾರೆ, ಮತ್ತೆ ಕೆಳಗೆ ಬರುತ್ತಾರೆ. ಒಂದು ಸಲ ಹೀಗೆ ಸರಿಸುತ್ತಿದ್ದವರ ಬಲಗೈ ಮುಂದೆ ಹೋಯಿತು, ಎಡಗೈ ಮೀನಖಂಡದ ನಡುವೆ ನಿಂತಿತು. ಅಲ್ಲಿಯೇ ಹೆಬ್ಬೆರಳಿನಿಂದ ಅಡ್ಡಡ್ಡಕ್ಕೆ ಸವರಿ, “ಅಕ್ಕಾ, ಕಾರು ನೀವೇ ಓಡಿಸ್ತೀರಾ? ಕ್ಲಚ್ ಇರೋ ಗಾಡಿನಾ?” ಎಂದು ಕೇಳಿದರು.

ಕನಕಪುರ ರಸ್ತೆಯ ದಟ್ಟಣೆಯಲ್ಲಿ ಸಂಜೆ ಹೊತ್ತು ಕಾರು ಓಡಿಸಿದವರಿಗೆ ಆ ಪ್ರಶ್ನೆ ಅರ್ಥವಾಗುತ್ತದೆ. ಒಂದು ಸಿಗ್ನಲ್ಲಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಎಡಗಾಲು ಎಷ್ಟು ಬಾರಿ ಕ್ಲಚ್ ತುಳಿದು ಅರ್ಧಕ್ಕೆ ಹಿಡಿದು ನಿಲ್ಲುತ್ತದೆಂದು ಯಾರೂ ಲೆಕ್ಕ ಇಡುವುದಿಲ್ಲ, ಮೀನಖಂಡ ಇಟ್ಟಿರುತ್ತದೆ. ಸ್ಕ್ವಾಟ್‌ನಲ್ಲಿ ಕೆಳಗಿಳಿದಾಗ ನನ್ನ ಎಡ ಹಿಮ್ಮಡಿ ನೆಲದಿಂದ ಸ್ವಲ್ಪವೇ ಸ್ವಲ್ಪ ಮೇಲೇಳುವುದನ್ನು ಟ್ರೈನರ್ ಮೊದಲೇ ಗಮನಿಸಿ, ನಡುವಿನ ಬಲ ಸಾಲದು ಎಂದು ಕಾರಣ ಹೇಳಿದ್ದ. ಮೀನಖಂಡ ಬಿಗಿದಿದ್ದರೆ ಕಣಕಾಲು ಮುಂದಕ್ಕೆ ಬಾಗುವುದಿಲ್ಲ, ಕಣಕಾಲು ಬಾಗದಿದ್ದರೆ ಹಿಮ್ಮಡಿ ಏಳಲೇಬೇಕು. ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ ಮಸಾಜ್ ಗನ್ (ಸ್ನಾಯುವನ್ನು ಬೇಗಬೇಗ ಗುದ್ದುವ ಕೈಯಂತ್ರ) ಬಳಸಿ ನಡೆದ, 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೀನಖಂಡಕ್ಕೆ ಐದು ನಿಮಿಷ ಆ ಯಂತ್ರ ಹಿಡಿದದ್ದಕ್ಕೆ ಕಣಕಾಲಿನ ಬಾಗು ಸರಾಸರಿ 5.4 ಡಿಗ್ರಿ ಹೆಚ್ಚಿತ್ತು, ಸ್ನಾಯುವಿನ ಬಲ ಮಾತ್ರ ಕುಗ್ಗಿರಲಿಲ್ಲ. ವ್ಯಾಯಾಮಕ್ಕೆ ಮುಂಚಿನ ಮಸಾಜಿನಿಂದ ನನಗೆ ನೇರ ಉಪಯೋಗ ಕಂಡದ್ದು ಇಲ್ಲಿಯೇ: ಸ್ಕ್ವಾಟ್ ಇರುವ ದಿನ ಎಡ ಮೀನಖಂಡವನ್ನು ಎರಡು ಮೂರು ನಿಮಿಷ ಉಜ್ಜಿಕೊಂಡು ಹೋದರೆ ಹಿಮ್ಮಡಿ ನೆಲದಲ್ಲಿ ಉಳಿಯುತ್ತದೆ. ಈ ಸಡಿಲ ಹೆಚ್ಚು ಹೊತ್ತು ನಿಲ್ಲುವಂಥದ್ದಲ್ಲ. ಆದರೆ ಆ ಹೊತ್ತಿಗೆ ಬೇಕಾದ ಕೆಲಸಕ್ಕೆ ಅಷ್ಟು ಸಾಕು.

ಗಾಜಿನ ಬಾಗಿಲಿನ ಕೇಂದ್ರಗಳಲ್ಲಿ ನಾನು ಕಾಣದಿದ್ದದ್ದು ಈ ಹುಡುಕಾಟವನ್ನು. ಅಲ್ಲಿ ಸಮಯ ನಿಗದಿ, ಸುವಾಸನೆಯ ಎಣ್ಣೆಯ ಆಯ್ಕೆ, ಕೊಳಲಿನ ಸಂಗೀತ ಎಲ್ಲವೂ ಇರುತ್ತವೆ. ಯಾವ ಸ್ನಾಯು ಏನು ಕೆಲಸ ಮಾಡಿ ಬಂದಿದೆ ಎಂಬ ಪ್ರಶ್ನೆ ಇರುವುದಿಲ್ಲ. ನಿನ್ನೆ ಭುಜದ ವ್ಯಾಯಾಮ ಮಾಡಿ ಬಂದವರಿಗೂ, ಮದುವೆ ಮನೆಯಲ್ಲಿ ನಿಂತು ನಿಂತು ಸೊಂಟ ನೋಯಿಸಿಕೊಂಡವರಿಗೂ ಒಂದೇ ಕ್ರಮದ ಅರವತ್ತು ನಿಮಿಷ.

ಮನೆಯಲ್ಲಿ ತಾವೇ ಮಾಡಿಕೊಳ್ಳುವುದಕ್ಕೆ ಖರ್ಚಿಲ್ಲ, ತಾಳ್ಮೆ ಬೇಕು. ನಾನು ಬಳಸುವುದು ಎಳ್ಳೆಣ್ಣೆ, ಬೇಸಿಗೆಯಲ್ಲಿ ಕೊಬ್ಬರಿ ಎಣ್ಣೆ. ಎಣ್ಣೆಯ ಬಟ್ಟಲನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಬೆಚ್ಚಗೆ ಮಾಡಿಕೊಂಡು, ಹಳೆಯ ಚಾಪೆಯ ಮೇಲೆ ಗೋಡೆಗೊರಗಿ ಕುಳಿತು, ಪಾದದಿಂದ ಮೇಲಕ್ಕೆ ಬರುತ್ತೇನೆ. ಮಂಡಿಚಿಪ್ಪಿನ ಮೇಲೆ ಒತ್ತುವುದಿಲ್ಲ. ಅದರ ಒಳಬದಿಗೆ ಸ್ವಲ್ಪ ಮೇಲೆ ಉಬ್ಬಿದಂತಿರುವ ಸ್ನಾಯುವಿನ ಮೇಲೆ ಹೆಬ್ಬೆರಳುಗಳೆರಡನ್ನೂ ಜೋಡಿಸಿ ನಿಧಾನವಾಗಿ ತೊಡೆಯತ್ತ ಜಾರಿಸುತ್ತೇನೆ. ಸ್ಕ್ವಾಟ್ ಮಾಡಿದ ಮರುದಿನ ಆ ಜಾಗ ಮುಟ್ಟಿದರೆ ಕಣ್ಣು ಕಿರಿದಾಗುತ್ತದೆ. ಒತ್ತಡ ಸರಿಯಾಗಿದೆಯೇ ಎಂದು ತಿಳಿಯಲು ಉಸಿರು ನೋಡಿಕೊಂಡರೆ ಸಾಕು. ಉಸಿರು ಬಿಗಿಹಿಡಿಯುವ ಹಾಗಾದರೆ ಕೈ ಹಗುರ ಮಾಡಬೇಕು. ಒಂದೊಂದು ಕಾಲಿಗೆ ಹತ್ತು ನಿಮಿಷವಾದರೆ ಧಾರಾಳ. ಆಮೇಲೆ ಕಡಲೆಹಿಟ್ಟು ಉಜ್ಜಿ ಬಿಸಿನೀರಿನ ಸ್ನಾನ. ಅಪಾರ್ಟ್‌ಮೆಂಟುಗಳ ಬಚ್ಚಲಿನ ನುಣುಪು ಟೈಲ್ಸಿನ ಮೇಲೆ ಎಣ್ಣೆಗಾಲಿನಲ್ಲಿ ನಡೆಯುವುದಂತೂ ಡೆಡ್‌ಲಿಫ್ಟಿಗಿಂತ ಅಪಾಯಕಾರಿ. ಪಾದಕ್ಕೆ ಹಚ್ಚಿದ ಎಣ್ಣೆಯನ್ನು ಕೂತಲ್ಲೇ ಬಟ್ಟೆಯಿಂದ ಒರೆಸಿ ಏಳಬೇಕು. ಮೈಯಡಿ ಉರುಳಿಸಿಕೊಳ್ಳುವ ಫೋಮ್ ರೋಲರ್, ಮಸಾಜ್ ಗನ್‌ಗಳು ಇದೇ ಕೆಲಸವನ್ನು ಎಣ್ಣೆಯಿಲ್ಲದೆ, ಬೇಗ ಮಾಡುತ್ತವೆ. ನನಗೆ ಗನ್ನಿನ ಸದ್ದು ಹಿಡಿಸುವುದಿಲ್ಲ ಎಂಬುದನ್ನು ಬಿಟ್ಟರೆ ಅವುಗಳ ಮೇಲೆ ದೂರಿಲ್ಲ. ಕತ್ತಿನ ಮುಂಭಾಗ ಮತ್ತು ಪಕ್ಕಗಳಿಗೆ, ಬೆನ್ನುಮೂಳೆಯ ಮೇಲೆ ಗನ್ನನ್ನು ಹಿಡಿಯಬಾರದು, ಕತ್ತಿನ ರಕ್ತನಾಳಗಳಿಗೆ ಪೆಟ್ಟಾಗಬಹುದು.

ಯಾವಾಗ ಕೈ ಹಾಕಲೇಬಾರದು ಎಂಬುದನ್ನು ಜಿಮ್ಮಿನಲ್ಲಿ ಯಾರೂ ಹೇಳಿಕೊಡುವುದಿಲ್ಲ. ಸ್ನಾಯು ಹರಿದು ಅಥವಾ ಬಲವಾಗಿ ಪೆಟ್ಟಾಗಿ ಊದಿಕೊಂಡಿದ್ದರೆ ಮೊದಲ ಎರಡು ಮೂರು ದಿನ ಆ ಜಾಗ ತಿಕ್ಕಬಾರದು. ಒಳಗಿನ ರಕ್ತಸ್ರಾವ ಹೆಚ್ಚುತ್ತದೆ, ಕೆಲವೊಮ್ಮೆ ಸ್ನಾಯುವಿನೊಳಗೇ ಮೂಳೆಯಂಥ ಗಡಸು ಬೆಳೆಯುವುದೂ ಉಂಟು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಒಂದೇ ಮೀನಖಂಡ ಊದಿ, ಬಿಸಿಯಾಗಿ, ಕೆಂಪಾಗಿ ನೋಯುತ್ತಿದ್ದರೆ ಅದು ವ್ಯಾಯಾಮದ ನೋವೆಂದು ತಿಳಿಯಬಾರದು. ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಪೆಟ್ಟಾದ ಕಾಲಿನ ಪ್ಲಾಸ್ಟರ್ ತೆಗೆಸಿಕೊಂಡಿದ್ದ ದೆಹಲಿಯ ಯುವಕನೊಬ್ಬನ ನೋಯುವ ಕಾಲಿಗೆ ತಾಯಿ ಎಣ್ಣೆ ಹಚ್ಚಿ ನೀವಿದಾಗ, ಹೆಪ್ಪು ಸಡಿಲಗೊಂಡು ಶ್ವಾಸಕೋಶಕ್ಕೆ ಹೋಗಿ ಅವನು ತೀರಿಕೊಂಡದ್ದನ್ನು ಏಮ್ಸ್‌ನ ವೈದ್ಯರು ವರದಿ ಮಾಡಿದ್ದಾರೆ. ಇನ್ನೊಂದು, ಹೊಸದಾಗಿ ಜಿಮ್ಮಿಗೆ ಸೇರಿದ ಎಳೆಯರು ತಿಳಿದಿರಬೇಕಾದದ್ದು: ವಿಪರೀತ ವ್ಯಾಯಾಮದ ನಂತರ ತೊಡೆ ತೋಳುಗಳು ಕಲ್ಲಿನಂತೆ ಊದಿ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಸ್ನಾಯು ಕರಗಿ ರಕ್ತಕ್ಕೆ ಸೇರುತ್ತಿದೆ, ಮೂತ್ರಪಿಂಡಕ್ಕೆ ಅಪಾಯವಿದೆ ಎಂದರ್ಥ. ಆಗ ಹೋಗಬೇಕಾದದ್ದು ಆಸ್ಪತ್ರೆಯ ತುರ್ತು ವಿಭಾಗಕ್ಕೆ.

ಅರ್ಧಶಕ್ತಿಯ ಮಾತನ್ನು ಟ್ರೈನರ್‌ನ ಮುಂದೆ ಎತ್ತಿದಾಗ ಅವನು ಮೊದಲು ನಕ್ಕ. ಅರ್ಧಕ್ಕೇ ನಿಲ್ಲಿಸಿದರೆ ಸ್ನಾಯು ಬೆಳೆಯುವುದು ಹೇಗೆ ಎಂಬ ಅವನ ಪ್ರಶ್ನೆಯಲ್ಲಿ ಹುರುಳಿದೆ. ಮೂಳೆ ಗಟ್ಟಿಯಾಗಬೇಕಾದರೂ ಭಾರ ಒಂದು ಮಟ್ಟಕ್ಕಿಂತ ಮೇಲೆ ಇರಲೇಬೇಕು. ಆದರೆ ಪ್ರತಿ ಸೆಟ್ಟಿನಲ್ಲೂ ಕೈಕಾಲು ಸೋಲುವವರೆಗೆ ಎತ್ತಬೇಕಿಲ್ಲ, ಇನ್ನು ಎರಡು ಮೂರು ಸಲ ಎತ್ತುವ ಶಕ್ತಿ ಉಳಿದಿರುವಾಗಲೇ ನಿಲ್ಲಿಸಿದರೂ ಬಲ ಹೆಚ್ಚುಕಡಿಮೆ ಅಷ್ಟೇ ಬೆಳೆಯುತ್ತದೆ ಎಂಬುದನ್ನು ಇತ್ತೀಚಿನ ಸಂಶೋಧನೆಗಳೂ ಹೇಳುತ್ತವೆ. ಜಿಮ್ಮಿನ ಭಾಷೆಯಲ್ಲಿ ಅದಕ್ಕೆ ರೆಪ್ಸ್ ಇನ್ ರಿಸರ್ವ್ ಎಂಬ ಹೆಸರೂ ಇದೆ. ಹೆಸರು ಗೊತ್ತಿದ್ದದ್ದರಿಂದ ಅವನು ಒಪ್ಪಿದ. ಹೊಸ ವ್ಯಾಯಾಮ ಸೇರಿಸಿದಾಗ ಮೊದಲ ವಾರ ಹಗುರ ಭಾರದಲ್ಲೇ ಮಾಡಿಸುತ್ತಾನೆ, ಏಕೆಂದರೆ ಒಮ್ಮೆ ಸ್ವಲ್ಪ ನೊಂದ ಸ್ನಾಯು ಎರಡನೆಯ ಸಲ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಕಾಲಿನ ವ್ಯಾಯಾಮದ ಮರುದಿನ ನಾನು ಕಾರನ್ನು ಮನೆಯಲ್ಲೇ ಬಿಟ್ಟು ಬನಶಂಕರಿಯಿಂದ ಮೆಟ್ರೊ ಹಿಡಿಯುತ್ತೇನೆ. ಹೀಗೆ ಮಾಡತೊಡಗಿದ ಮೇಲೆ ವಾರವಾರ ಕ್ಲಿನಿಕ್ಕಿಗೆ ಹೋಗುವ ಅಗತ್ಯ ತಪ್ಪಿ, ಈಗ ತಿಂಗಳಿಗೊಮ್ಮೆ ಹೋಗಿಬಂದರೆ ಸಾಕಾಗಿದೆ.